ರಜೆ ಮತ್ತು ಬಿಡುವು: ಜೆರಾರ್ಡ್ ಬೀದಿಯಲ್ಲಿ ನಿಂತು ಕಂಡ ಪ್ರವಾಸದ ಚರಿತ್ರೆ



ತಾವು ನಮಗೆ ಒಪ್ಪಿಸಿದ ವಿಷಯಕ್ಕೆ ಎರಡು ಭಾಗಗಳುಂಟು. ಕನಸಿನ ಪ್ರವಾಸತಾಣಗಳು ಒಂದು. ಅವುಗಳನ್ನು ನೋಡಲು ಸಮಯ ಹೊಂದಿಸಿಕೊಳ್ಳುವ ಬಗೆ ಇನ್ನೊಂದು. ಮೊದಲನೆಯದಕ್ಕೆ ಬಣ್ಣದ ಕೈಪಿಡಿಗಳು ಬೇಕಾದಷ್ಟಿವೆ. ಎರಡನೆಯದಕ್ಕೆ ಕೈಪಿಡಿಯಿಲ್ಲ. ಎಂ.ಬಿ.ಬಿ.ಎಸ್. ಓದಿ, ಪರದೇಶದಲ್ಲಿ ರೆಸಿಡೆನ್ಸಿ ಮುಗಿಸಿದ ನಮ್ಮಂಥವರಿಗೆ ಗುರುಗಳು ಕಲಿಸಿದ ಮೊದಲ ಪಾಠವೆಂದರೆ, ರೋಗಿಯ ಪೂರ್ವವೃತ್ತಾಂತವನ್ನು ಕೇಳದೆ ಔಷಧದ ಚೀಟಿ ಬರೆಯಬಾರದು ಎಂಬುದು. ಆದ್ದರಿಂದ ‘ಸಮಯವಿಲ್ಲ’ ಎಂಬ ನಮ್ಮೆಲ್ಲರ ಈ ಬೇನೆಯ ಪೂರ್ವವೃತ್ತಾಂತವನ್ನು ಮೊದಲು ವಿಚಾರಿಸೋಣ. ಅದಕ್ಕೆ ದೂರ ಹೋಗಬೇಕಾಗಿಲ್ಲ. ಟೊರಾಂಟೊ ನಗರದ ಪೂರ್ವಭಾಗದಲ್ಲಿ, ಗ್ರೀನ್‌ವುಡ್ ಮತ್ತು ಕಾಕ್ಸ್‌ವೆಲ್ ರಸ್ತೆಗಳ ನಡುವೆ ಹಬ್ಬಿರುವ ಜೆರಾರ್ಡ್ ಇಂಡಿಯಾ ಬಜಾರ್ ಒಂದೇ ಸಾಕು. ಆದರೆ ಆ ಬೀದಿಗೆ ಇಳಿಯುವ ಮುನ್ನ ನಮ್ಮ ಮಾತಿನ ಮೂರು ಪದಗಳನ್ನು ಗಮನಿಸಬೇಕು.

‘ರಜೆ’ ಎಂಬುದು ಅರಬ್ಬೀ ಮೂಲದಿಂದ ಉರ್ದುವಿನ ದಾರಿಯಾಗಿ ನಮಗೆ ಬಂದ ಪದ. ಅದರ ಮೂಲಾರ್ಥ ಒಪ್ಪಿಗೆ, ಅನುಮತಿ. ಎಂದರೆ ರಜೆಯನ್ನು ಕೊಡುವವರು ಬೇರೆಯವರು; ನಾವು ಅದನ್ನು ಬೇಡಿ ಪಡೆಯುವವರು. ‘ಬಿಡುವು’ ಅಚ್ಚಗನ್ನಡದ ಪದ. ಕೈಯಲ್ಲಿ ಹಿಡಿದುದನ್ನು ಬಿಡುವುದರಿಂದ ಅದು ಹುಟ್ಟುತ್ತದೆ, ಮತ್ತು ಅದನ್ನು ಮಾಡಿಕೊಳ್ಳಬೇಕಾದವರು ನಾವೇ. ಮೂರನೆಯದು ‘ಪ್ರವಾಸ’. ಸಂಸ್ಕೃತದಲ್ಲಿ ಇದಕ್ಕೆ ಸ್ಥಳ ನೋಡಿಬರುವುದೆಂಬ ಅರ್ಥಕ್ಕಿಂತ ಮೊದಲು, ಮನೆಯಿಂದ ದೂರ ವಾಸಿಸುವುದು ಎಂಬ ಅರ್ಥವಿತ್ತು. ಪತಿ ದೂರದೇಶಕ್ಕೆ ಹೋಗಿರುವ ನಾಯಿಕೆಯನ್ನು ನಮ್ಮ ಅಲಂಕಾರಶಾಸ್ತ್ರ ‘ಪ್ರೋಷಿತಪತಿಕೆ’ ಎಂದು ಕರೆದದ್ದು ಇದೇ ಧಾತುವಿನಿಂದ. ಆ ಲೆಕ್ಕದಲ್ಲಿ ಇಲ್ಲಿ ನೆಲೆಸಿರುವ ನಾವೆಲ್ಲರೂ ಹಗಲಿರುಳೂ ಪ್ರವಾಸದಲ್ಲೇ ಇದ್ದೇವೆ. ಪ್ರವಾಸದಲ್ಲಿರುವವನ ಕನಸಿನ ತಾಣ ಯಾವುದು? ಅವನ ಮನೆ. ನಮ್ಮ ಸಮುದಾಯದ ಪ್ರವಾಸದ ಚರಿತ್ರೆಯ ತಿರುಳು ಇಲ್ಲಿದೆ.

ನಮ್ಮ ಹಿರಿಯರು ಊರು ಬಿಟ್ಟು ಹೋಗುತ್ತಿರಲಿಲ್ಲವೆಂದು ಯಾರೂ ಹೇಳಲಾರರು. ‘ದೇಶ ಸುತ್ತು, ಕೋಶ ಓದು’ ಎಂದವರು ಅವರೇ. ಸುಗ್ಗಿ ಮುಗಿದ ಮೇಲೆ ಜಾತ್ರೆ, ಮಕ್ಕಳ ಮದುವೆ ಮುಗಿದ ಮೇಲೆ ಕಾಶಿ ಎಂಬುದು ಅವರ ಪಂಚಾಂಗ. ಆದರೆ ಪ್ರತಿಯೊಂದು ಪಯಣಕ್ಕೂ ಒಂದು ಕಾರಣ ಬೇಕಿತ್ತು: ಪುಣ್ಯ, ವಿದ್ಯೆ, ವ್ಯಾಪಾರ ಇಲ್ಲವೇ ರಾಜಕಾರ್ಯ. ನಾಲ್ವಡಿ ಕೃಷ್ಣರಾಜ ಒಡೆಯರು 1931ರಲ್ಲಿ ಕೈಲಾಸ ಮಾನಸ ಸರೋವರಗಳ ಯಾತ್ರೆ ಮಾಡಿದರು. ಯೂರೋಪನ್ನು ಕಂಡದ್ದು 1936ರಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯಲ್ಲಿದ್ದಾಗಲೇ, 1898ರಲ್ಲಿ, ಜಪಾನಿಗೆ ಹೋಗಿಬಂದರು. ಅಲ್ಲಿಯೂ ಅವರ ಕಣ್ಣು ಹರಿದದ್ದು ಶಾಲೆಗಳ ಮೇಲೆ, ಕೈಗಾರಿಕೆಗಳ ಮೇಲೆ. ವಿ. ಕೃ. ಗೋಕಾಕರು ವ್ಯಾಸಂಗಕ್ಕಾಗಿ ಆಕ್ಸ್‌ಫರ್ಡಿಗೆ ಹಡಗೇರಿದ್ದರ ಫಲವಾಗಿ ‘ಸಮುದ್ರಗೀತೆಗಳು’ ಕನ್ನಡಕ್ಕೆ ದೊರೆತವು. ಇನ್ನು ಕಡಲು ದಾಟಬಾರದೆಂಬ ಹಳೆಯ ಕಟ್ಟು ಎಷ್ಟು ಗಟ್ಟಿಯಾಗಿತ್ತೆಂದರೆ, 2008ರ ಉಡುಪಿಯ ಪರ್ಯಾಯದ ಸಂದರ್ಭದಲ್ಲಿಯೂ ವಿದೇಶ ಸಂಚಾರ ಮಾಡಿದ ಪುತ್ತಿಗೆ ಶ್ರೀಗಳ ಪೂಜಾಧಿಕಾರದ ಬಗ್ಗೆ ಚರ್ಚೆ ಎದ್ದಿತು. ಕಾರಣವೇ ಇಲ್ಲದೆ, ಕೇವಲ ಸಂತೋಷಕ್ಕಾಗಿ ಪರದೇಶಕ್ಕೆ ಹೋಗುವುದು ನಮ್ಮ ರಕ್ತಕ್ಕೆ ಹೊಸದು. ರಜೆಯ ವಿಷಯ ಬಂದಾಗ ನಮ್ಮ ಮನಸ್ಸು ಇಂದಿಗೂ ಒಂದು ನೆಪವನ್ನು ಹುಡುಕುವುದು ಈ ಕಾರಣದಿಂದಲೇ.

ಸಂಬಳ ಸಹಿತ ರಜೆ ಎಂಬುದು ಪಶ್ಚಿಮದವರಿಗೂ ಹಳೆಯದಲ್ಲ. ಇಂಗ್ಲೆಂಡಿನಲ್ಲಿ ಥಾಮಸ್ ಕುಕ್ 1841ರ ಜುಲೈ 5ರಂದು ಲೆಸ್ಟರಿನಿಂದ ಲಫ್‌ಬರೋವಿಗೆ ಪಾನನಿರೋಧ ಸಭೆಯವರನ್ನು ರೈಲಿನಲ್ಲಿ ಕರೆದೊಯ್ದದ್ದು ಒಂದೇ ದಿನದ ಪಯಣ. ಮುಂಬಯಿಯ ಗಿರಣಿ ಕಾರ್ಮಿಕರಿಗೆ ನಾರಾಯಣ ಮೇಘಾಜಿ ಲೋಖಂಡೆಯವರು ಹೋರಾಡಿ ಭಾನುವಾರದ ಬಿಡುವನ್ನು ದೊರಕಿಸಿದ್ದು 1890ರಲ್ಲಿ. ಫ್ರಾನ್ಸಿನಲ್ಲಿ ದುಡಿಯುವವರಿಗೆ ವರ್ಷಕ್ಕೆ ಎರಡು ವಾರಗಳ ಸಂಬಳ ಸಹಿತ ರಜೆ ಕಾನೂನಾದದ್ದು 1936ರಲ್ಲಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಈ ಬಗ್ಗೆ ಒಪ್ಪಂದ ಮಾಡಿಕೊಂಡದ್ದೂ ಅದೇ ವರ್ಷ. ನಮ್ಮ ಒಂಟಾರಿಯೊ ಪ್ರಾಂತವು 1944ರಲ್ಲಿ ಮೊಟ್ಟಮೊದಲು ಕೊಟ್ಟದ್ದು ಒಂದು ವಾರ ಮಾತ್ರ. ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆ, ಇಪ್ಪತ್ತು ದಿನಗಳ ದುಡಿಮೆಗೆ ಒಂದು ದಿನದಂತೆ ವಾರ್ಷಿಕ ರಜೆಯನ್ನು ನಿಗದಿಪಡಿಸಿತು. 1956ರಲ್ಲಿ ಕೇಂದ್ರ ಸರ್ಕಾರದ ನೌಕರರಿಗೆ ರಜಾ ಪ್ರಯಾಣ ರಿಯಾಯಿತಿ ದೊರೆಯಿತು. ಅದು ಮೊದಲಿಗೆ ಕೊಟ್ಟದ್ದು ಸ್ವಂತ ಊರಿಗೆ ಹೋಗಿಬರುವ ಖರ್ಚನ್ನು. ದೇಶದ ಬೇರೆಡೆಗೆ ಹೋಗುವ ಅವಕಾಶ ಸೇರಿದ್ದು ಅನಂತರ. ಸರ್ಕಾರದ ಕಣ್ಣಿನಲ್ಲಿಯೂ ರಜೆ ಎಂದರೆ ಊರಿಗೆ ಹೋಗುವುದೇ ಆಗಿತ್ತು.

ಈಗ ಜೆರಾರ್ಡ್ ಬೀದಿಗೆ ಬರೋಣ. ಕೆನಡಾ ದೇಶವು 1962ರಲ್ಲಿ ವಲಸೆಯ ನಿಯಮಗಳಿಂದ ಜನಾಂಗಭೇದವನ್ನು ಬಹುಮಟ್ಟಿಗೆ ತೆಗೆದುಹಾಕಿ, 1967ರಲ್ಲಿ ಅಂಕಗಳ ಪದ್ಧತಿಯನ್ನು ಜಾರಿಗೆ ತಂದ ಮೇಲೆ ನಮ್ಮ ಇಂಜಿನಿಯರುಗಳು, ವೈದ್ಯರು, ಅಧ್ಯಾಪಕರು ಇಲ್ಲಿಗೆ ಬರತೊಡಗಿದರು. ಈ ಬೀದಿಯಲ್ಲಿ ಈಸ್ಟ್‌ವುಡ್ ಎಂಬ ಹಳೆಯ ಚಿತ್ರಮಂದಿರವೊಂದಿತ್ತು. ಅದು 1972ರಲ್ಲಿ ‘ನಾಜ್’ ಎಂಬ ಹೆಸರು ತಳೆದು ಭಾರತದ ಚಿತ್ರಗಳನ್ನು ತೋರಿಸಲು ಆರಂಭಿಸಿತು. ಉತ್ತರ ಅಮೆರಿಕದಲ್ಲಿಯೇ ಕೇವಲ ದಕ್ಷಿಣ ಏಷ್ಯಾದ ಚಿತ್ರಗಳಿಗೆ ಮೀಸಲಾದ ಮೊದಲ ಚಿತ್ರಮಂದಿರ ಅದೆಂಬ ಖ್ಯಾತಿ ಇದೆ. ಚಿತ್ರ ನೋಡಲು ಬಂದವರು ತಿಂಡಿ ಕೇಳಿದರು. ತಿಂಡಿಯ ಪಕ್ಕದಲ್ಲಿ ದಿನಸಿ ಬಂತು. ದಿನಸಿಯ ಪಕ್ಕದಲ್ಲಿ ಸೀರೆ, ಬಳೆ, ಪಾತ್ರೆ, ಹಾಡಿನ ಕ್ಯಾಸೆಟ್ಟು ಬಂದವು. 1980ರ ದಶಕದ ಆರಂಭದಲ್ಲಿ ವರ್ತಕರು ಸಂಘಟಿತರಾದರು. ಬೀದಿಗೆ ಇಂಡಿಯಾ ಬಜಾರ್ ಎಂಬ ಹೆಸರು ನೆಲೆಗೊಂಡಿತು.

ಆಗಿನ ಕನ್ನಡ ಕುಟುಂಬಗಳ ವಿದೇಶ ಪ್ರವಾಸ ಯಾವುದು ಎಂದು ಕೇಳಿದರೆ, ಅದು ಇದೇ ಬೀದಿ! ದೂರದ ಊರುಗಳಿಂದ ಶನಿವಾರ ಬೆಳಿಗ್ಗೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೊರಟು ಬರುತ್ತಿದ್ದರು. ಅಮೆರಿಕದ ಗಡಿ ದಾಟಿ ಬರುತ್ತಿದ್ದವರೂ ಉಂಟು. ನಗರದಲ್ಲೇ ಇದ್ದವರು 506ನೆಯ ಸಂಖ್ಯೆಯ ಸ್ಟ್ರೀಟ್‌ಕಾರಿನಲ್ಲಿ ಬಂದಿಳಿಯುತ್ತಿದ್ದರು. ಒಂದು ಹಿಂದಿ ಚಿತ್ರ, ಒಂದು ಊಟ, ಒಂದು ಕಟ್ಟು ಕರಿಬೇವು, ಒಂದು ಮೂಟೆ ಅಕ್ಕಿ. ಕತ್ತಲಾಗುವ ಹೊತ್ತಿಗೆ ಮರಳಿ ಮನೆ. ಕನ್ನಡದ ಮಾತು ಆ ಬೀದಿಯಲ್ಲಿ ಅಪರೂಪ; ಹಿಂದಿ, ಪಂಜಾಬಿ, ಉರ್ದುಗಳದೇ ರಾಜ್ಯ. ಆದರೂ ಆ ಒಂದು ದಿನ ಅವರು ಕೆನಡಾದಿಂದ ರಜೆ ಪಡೆದು ಊರಿನ ಸಮೀಪಕ್ಕೆ ಹೋಗಿಬಂದಂತೆ ಇರುತ್ತಿತ್ತು. ಒಂದು ಮಾತನ್ನು ಇಲ್ಲಿ ಮರೆಯಬಾರದು. ನಮ್ಮ ರಜೆಯ ದಿನ ಆ ಅಂಗಡಿಯವರಿಗೆ ವಾರದ ಅತ್ಯಂತ ದುಡಿಮೆಯ ದಿನ. ಸ್ವಂತ ಅಂಗಡಿ ನಡೆಸುವವನಿಗೆ ಯಾವ ಕಾಯಿದೆಯೂ ರಜೆ ಕೊಡುವುದಿಲ್ಲ. ನಮಗೆ ಊರಿನ ರುಚಿಯನ್ನು ಉಣಬಡಿಸಿದ ಎಷ್ಟೋ ಕುಟುಂಬಗಳು ತಮ್ಮ ಊರಿನ ಮುಖವನ್ನು ವರ್ಷಗಟ್ಟಲೆ ಕಾಣದೆ ಗಲ್ಲಾಪೆಟ್ಟಿಗೆಯ ಹಿಂದೆ ನಿಂತಿದ್ದವು.

ಕನಸಿನ ತಾಣಗಳೂ ಈ ಬಗೆಯ ಬೆಳ್ಳಿತೆರೆಯಿಂದಲೇ ನಮ್ಮೊಳಗೆ ಇಳಿದವು. ರಾಜ್ ಕಪೂರರ ‘ಸಂಗಂ’ 1964ರಲ್ಲಿ ವೆನಿಸ್, ಪ್ಯಾರಿಸ್, ಸ್ವಿಟ್ಜರ್ಲೆಂಡುಗಳನ್ನು ಭಾರತದ ಪ್ರೇಕ್ಷಕನ ಮುಂದೆ ತಂದು ನಿಲ್ಲಿಸಿತು. ಕನ್ನಡಿಗರಿಗೆ 1978ರ ‘ಸಿಂಗಾಪೂರಿನಲ್ಲಿ ರಾಜಾ ಕುಳ್ಳ’ ಹೊರದೇಶದ ಬೀದಿಗಳಲ್ಲಿ ಕನ್ನಡದ ನಾಯಕರನ್ನು ಓಡಾಡಿಸಿ ತೋರಿಸಿತು. ಟ್ರಾವೆಲ್ ಏಜೆಂಟರ ಕಚೇರಿಗಳ ಗೋಡೆಯ ಮೇಲೆ ಆಲ್ಪ್ಸ್ ಪರ್ವತದ ಚಿತ್ರ ಇರುತ್ತಿತ್ತು. ಕೆಳಗೆ ಮೇಜಿನ ಮೇಲೆ ಬರೆಯಿಸುತ್ತಿದ್ದ ಟಿಕೆಟ್ಟು ಮಾತ್ರ ಮುಂಬಯಿಯದು ಅಥವಾ ದೆಹಲಿಯದು. ಗೋಡೆಗೂ ಮೇಜಿಗೂ ನಡುವಿನ ಈ ಅಂತರವೇ ಆ ತಲೆಮಾರಿನ ಕಥೆ.

ಅವರು ಆಯ್ದುಕೊಂಡದ್ದು ತಪ್ಪೆಂದು ನಾವು ಹೇಳುವುದಿಲ್ಲ. ಎಂಟು ಡಾಲರುಗಳನ್ನು ಜೇಬಿನಲ್ಲಿಟ್ಟುಕೊಂಡು ಬಂದಿಳಿದೆವೆಂದು ಆ ಹಿರಿಯರು ಇಂದಿಗೂ ನೆನೆಯುತ್ತಾರೆ. ಭಾರತದ ವಿದೇಶಿ ವಿನಿಮಯದ ಕಟ್ಟುಪಾಡು ಆಗ ಅಷ್ಟು ಬಿಗಿಯಾಗಿತ್ತು. ವರ್ಷಕ್ಕೆ ದೊರೆಯುತ್ತಿದ್ದ ಎರಡು ವಾರಗಳನ್ನು ಕೂಡಿಸಿ ಕೂಡಿಸಿ, ಎರಡು ಮೂರು ವರ್ಷಗಳಿಗೊಮ್ಮೆ ಒಂದು ತಿಂಗಳು ಮಾಡಿಕೊಂಡು ಊರಿಗೆ ಹೊರಡುತ್ತಿದ್ದರು. ಹೊರಡುವ ಮುನ್ನ ಉಡುಗೊರೆಗಳ ಪಟ್ಟಿ. ಸೂಟ್‌ಕೇಸನ್ನು ಮನೆಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುವುದು. ಇಳಿದ ಮೇಲೆ ಒಬ್ಬರ ಮದುವೆ, ಇನ್ನೊಬ್ಬರ ಉಪನಯನ, ಬ್ಯಾಂಕಿನ ಕೆಲಸ, ನಿವೇಶನದ ಕಾಗದಪತ್ರ, ಹತ್ತಾರು ಮನೆಗಳ ಊಟ. ಅಜ್ಜಿಯ ಪಕ್ಕದಲ್ಲಿ ಸುಮ್ಮನೆ ಕುಳಿತಿರಲು ಕಡೆಯ ಒಂದು ಸಂಜೆ ಮಾತ್ರ ಉಳಿಯುತ್ತಿತ್ತು. ಇದು ವಿಶ್ರಾಂತಿಯಲ್ಲ, ಋಣಸಂದಾಯ. ವೈದ್ಯರಾಗಿ ಇನ್ನೊಂದನ್ನೂ ಸೇರಿಸಬೇಕು. ನೆಂಟರಿಷ್ಟರನ್ನು ಕಾಣಲು ತಾಯ್ನಾಡಿಗೆ ಹೋಗುವ ವಲಸಿಗರಲ್ಲಿ ಟೈಫಾಯ್ಡ್, ಮಲೇರಿಯಾ ಮೊದಲಾದ ರೋಗಗಳು ಇತರ ಪ್ರವಾಸಿಗಳಿಗಿಂತ ಹೆಚ್ಚಾಗಿ ಕಾಣಿಸುತ್ತವೆ. ‘ನಮ್ಮ ಊರು ತಾನೆ’ ಎಂದು ಲಸಿಕೆ, ಮಾತ್ರೆಗಳ ಸಲಹೆ ಕೇಳದೆ ಹೊರಡುವುದು ಅದಕ್ಕೆ ಒಂದು ಮುಖ್ಯ ಕಾರಣ. ಇಲ್ಲಿ ಹುಟ್ಟಿದ ಮಗುವಿನ ಶರೀರಕ್ಕೆ ಅದು ನಮ್ಮ ಊರಲ್ಲ.

ಈ ಚರಿತ್ರೆಯಲ್ಲಿ ನಾವು ದನಿ ತಗ್ಗಿಸಿ ಹೇಳಬೇಕಾದ ಒಂದು ಪುಟವಿದೆ. 1985ರ ಜನವರಿಯಲ್ಲಿ ಏರ್ ಇಂಡಿಯಾ ಸಂಸ್ಥೆ ಟೊರಾಂಟೊದಿಂದ ವಾರಕ್ಕೊಂದು ವಿಮಾನವನ್ನು ಆರಂಭಿಸಿತು. ನಮ್ಮವರಿಗೆ ಅದು ಹಿಗ್ಗಿನ ಸಂಗತಿಯಾಗಿತ್ತು. ಅದೇ ವರ್ಷ ಜೂನ್ 22ರ ಶನಿವಾರ, ಶಾಲೆಗಳ ಬೇಸಿಗೆ ರಜೆ ಹೊಸ್ತಿಲಲ್ಲಿದ್ದಾಗ, ಟೊರಾಂಟೊದಿಂದಲೂ ಮಾಂಟ್ರಿಯಲ್‌ನಿಂದಲೂ ಪ್ರಯಾಣಿಕರನ್ನು ಹತ್ತಿಸಿಕೊಂಡು ಹೊರಟ ‘ಕನಿಷ್ಕ’ ವಿಮಾನ, ಮರುದಿನ ಐರ್ಲೆಂಡಿನ ಕರಾವಳಿಯಾಚೆ ಬಾಂಬು ಸಿಡಿದು ಅಟ್ಲಾಂಟಿಕ್ ಸಾಗರಕ್ಕೆ ಬಿದ್ದಿತು. 329 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಅವರಲ್ಲಿ ಎಂಬತ್ತಕ್ಕೂ ಹೆಚ್ಚು ಮಂದಿ ಮಕ್ಕಳು. ಹೋದವರಲ್ಲಿ ಬಹುಪಾಲು ಕೆನಡಾದ ಪ್ರಜೆಗಳು. ಅಪ್ಪನಿಗೆ ರಜೆ ಸಾಲದೆ ತಾಯಿಯೂ ಮಕ್ಕಳೂ ಮುಂದಾಗಿ ಹೊರಡುವುದು ನಮ್ಮ ಮನೆಗಳ ರೂಢಿಯಾಗಿದ್ದ ಕಾಲ ಅದು. ಹಾಗೆ ಬೀಳ್ಕೊಟ್ಟು ಬಂದು ಬರಿದಾದ ಮನೆಯಲ್ಲಿ ಉಳಿದವರಿದ್ದರು. ನ್ಯಾಯಮೂರ್ತಿ ಜಾನ್ ಮೇಜರ್ ಅವರ ವಿಚಾರಣಾ ಆಯೋಗ 2010ರಲ್ಲಿ ತನ್ನ ವರದಿ ಕೊಟ್ಟು, ಇದು ಕೆನಡಾದ್ದೇ ದುರಂತವೆಂಬುದನ್ನು ಸ್ಪಷ್ಟಪಡಿಸಿತು. ಇಪ್ಪತ್ತೈದು ವರ್ಷ ಹಿಡಿದ ಮಾತು ಅದು! ಟೊರಾಂಟೊದ ಹಂಬರ್ ಬೇ ಉದ್ಯಾನದಲ್ಲಿ 2007ರಲ್ಲಿ ಸ್ಮಾರಕವೊಂದು ಸಿದ್ಧವಾಯಿತು. ಹೆಸರುಗಳನ್ನು ಕೆತ್ತಿದ ಗೋಡೆಯ ಬಳಿ ಒಂದು ನೆರಳುಗಡಿಯಾರ. ಐರ್ಲೆಂಡಿನ ಅಹಾಕಿಸ್ತಾದಲ್ಲಿರುವ ಸ್ಮಾರಕದಲ್ಲಿಯೂ ನೆರಳುಗಡಿಯಾರವೇ ಇದೆ. ತಮ್ಮಲ್ಲಿ ಅಲ್ಲಿಗೆ ಮಕ್ಕಳನ್ನು ಕರೆದೊಯ್ಯದವರು ಒಮ್ಮೆ ಕರೆದೊಯ್ಯಬೇಕೆಂದು ನಮ್ಮ ಪ್ರಾರ್ಥನೆ. ಊರಿಗೆ ಹೋಗಿಬರುವ ದಾರಿ ನಮ್ಮ ಸಮುದಾಯಕ್ಕೆ ಎಷ್ಟು ದುಬಾರಿಯಾಗಿತ್ತೆಂಬುದು ಅವರಿಗೆ ತಿಳಿದಿರಲಿ.

ಅನಂತರದ ವರ್ಷಗಳಲ್ಲಿ ದಾರಿ ಹಗುರವಾಯಿತು. ವಿಡಿಯೊ ಕ್ಯಾಸೆಟ್ಟುಗಳ ಹಾವಳಿಯಿಂದ ನಾಜ್ ಚಿತ್ರಮಂದಿರ 1980ರ ದಶಕದಲ್ಲಿಯೇ ಮುಚ್ಚಿತ್ತು. ದಿನಸಿಯ ಅಂಗಡಿಗಳು ಬ್ರಾಂಪ್ಟನ್, ಮಿಸ್ಸಿಸಾಗಾ, ಸ್ಕಾರ್‌ಬರೋಗಳಿಗೆ ಹಬ್ಬಿದವು. 2005ರ ತಿದ್ದುಪಡಿಯಿಂದ ಸಾಗರೋತ್ತರ ಭಾರತೀಯರ ಕಾರ್ಡು ಬಂದು, ಪ್ರತಿ ಬಾರಿಯೂ ವೀಸಾಕ್ಕಾಗಿ ಅಲೆಯುವುದು ತಪ್ಪಿತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. 2011ರ ಡಿಸೆಂಬರಿನಲ್ಲಿ ಕೆನಡಾ ‘ಸೂಪರ್ ವೀಸಾ’ ಆರಂಭಿಸಿ, ತಂದೆತಾಯಿಗಳು ಒಮ್ಮೆಗೆ ಎರಡು ವರ್ಷ ಬಂದಿರಲು ಅವಕಾಶ ಕೊಟ್ಟಿತು. 2022ರಲ್ಲಿ ಅದನ್ನು ಐದು ವರ್ಷಗಳಿಗೆ ಏರಿಸಲಾಯಿತು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ‘ಅಮೆರಿಕದಲ್ಲಿ ಗೊರೂರು’ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದಾಗ ಅಂಥ ಪಯಣ ಒಂದು ಪುಸ್ತಕಕ್ಕೆ ವಸ್ತುವಾಗುವಷ್ಟು ಅಪೂರ್ವವಾಗಿತ್ತು. ಈಗ ಪ್ರತಿ ಬೇಸಿಗೆಯಲ್ಲಿಯೂ ನಯಾಗರಾ ಜಲಪಾತದ ಮುಂದೆ ಸ್ವೆಟರು ತೊಟ್ಟ ನಮ್ಮ ತಾಯಂದಿರನ್ನು ಕಾಣಬಹುದು.

ಇನ್ನೊಂದು ಬದಲಾವಣೆ ಹೆಚ್ಚು ಆಳವಾದುದು. ಭಾರತೀಯ ರಿಜರ್ವ್ ಬ್ಯಾಂಕು 2004ರಲ್ಲಿ ವ್ಯಕ್ತಿಯೊಬ್ಬರಿಗೆ ವರ್ಷಕ್ಕೆ 25,000 ಅಮೆರಿಕನ್ ಡಾಲರುಗಳನ್ನು ಹೊರಗೆ ಕೊಂಡೊಯ್ಯಲು ಬಿಟ್ಟಿತು. 2015ರಿಂದ ಆ ಮಿತಿ 2,50,000. ಎಂಟು ಡಾಲರಿನ ದೇಶ ಅಲ್ಲಿಗೆ ಮುಗಿಯಿತು. ಬೆಂಗಳೂರಿನ ನಮ್ಮ ತಮ್ಮಂದಿರು, ನಾದಿನಿಯರು ಸ್ವಿಟ್ಜರ್ಲೆಂಡನ್ನು ನೋಡಿ ಬಂದಿದ್ದಾರೆ. ನಾವು ಇನ್ನೂ ಗೋಡೆಯ ಮೇಲಿನ ಆಲ್ಪ್ಸ್ ಚಿತ್ರವನ್ನೇ ನೋಡುತ್ತಿದ್ದೇವೆ! ‘ನೀವೇಕೆ ಪ್ರತಿ ಸಲವೂ ಇಲ್ಲಿಗೇ ಬರುತ್ತೀರಿ? ಈ ಸಲ ಎಲ್ಲರೂ ಬಾಲಿಯಲ್ಲಿ ಸೇರೋಣ’ ಎಂದು ಊರಿನವರೇ ಹೇಳುವ ಕಾಲ ಬಂದಿದೆ.

ಹಾಗಾದರೆ ಇಂದು ನಮ್ಮನ್ನು ತಡೆಯುವುದು ಯಾವುದು? ಹಣ ಅಲ್ಪಸ್ವಲ್ಪ ತಡೆಯಬಹುದು. ಆದರೆ ಹೆಚ್ಚಿನ ಮನೆಗಳಲ್ಲಿ ಕೇಳುವ ಮಾತು ಸಮಯದ್ದು. ಒಂಟಾರಿಯೊದ ಕಾನೂನು ಇಲ್ಲಿ ನಮಗೆ ಒಂದು ಪಾಠ ಹೇಳುತ್ತದೆ. ಅದು ರಜೆಯ ಸಮಯವನ್ನೂ ರಜೆಯ ಸಂಬಳವನ್ನೂ ಎರಡು ಬೇರೆ ಬೇರೆ ಹಕ್ಕುಗಳಾಗಿ ಎಣಿಸುತ್ತದೆ. ಎರಡು ವಾರಗಳ ಸಮಯ, ಶೇಕಡಾ 4ರಷ್ಟು ಸಂಬಳ. 2018ರಿಂದ, ಐದು ವರ್ಷ ದುಡಿದವರಿಗೆ ಮೂರು ವಾರ, ಶೇಕಡಾ 6. ಸಂಬಳವನ್ನು ನಾವು ಒಂದು ಕಾಸೂ ಬಿಡದೆ ಪಡೆಯುತ್ತೇವೆ. ಸಮಯವನ್ನು ಮಾತ್ರ ಉದಾರವಾಗಿ ಬಿಟ್ಟುಕೊಡುತ್ತೇವೆ, ನಿವೃತ್ತಿಯ ನಂತರ ನೋಡೋಣ ಎನ್ನುತ್ತೇವೆ. ನಿವೃತ್ತಿಯ ನಂತರ ನಮ್ಮ ಚಿಕಿತ್ಸಾಲಯಕ್ಕೆ ಬರುವವರನ್ನು ನಾವು ಕಂಡಿದ್ದೇವೆ. ಪಟ್ಟಿ ಸಿದ್ಧವಾಗಿರುತ್ತದೆ; ಮೊಣಕಾಲು ಸಿದ್ಧವಿರುವುದಿಲ್ಲ. ಕೆಲವೊಮ್ಮೆ ಜೊತೆಗೆ ಹೊರಡಬೇಕಾದವರೇ ಇರುವುದಿಲ್ಲ. ಹೃದ್ರೋಗದ ಅಪಾಯವಿದ್ದ 12,338 ಮಧ್ಯವಯಸ್ಕ ಪುರುಷರನ್ನು ಒಂಬತ್ತು ವರ್ಷ ಗಮನಿಸಿ 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ವರ್ಷವರ್ಷವೂ ರಜೆ ತೆಗೆದುಕೊಂಡವರಲ್ಲಿ ಸಾವು ಕಡಮೆಯಿತ್ತು. ರಜೆಯೇ ಕಾಪಾಡಿತೆಂದು ಅದರಿಂದ ಸಿದ್ಧವಾಗದು. ಆರೋಗ್ಯವಂತರೇ ಹೆಚ್ಚು ತಿರುಗಾಡಿರಬಹುದು. ಆದರೆ ರಜೆ ಬಿಟ್ಟವರಿಗೆ ಯಾವ ಲಾಭವೂ ಆದಂತೆ ಅಲ್ಲಿ ಕಾಣುವುದಿಲ್ಲ.

ಆದ್ದರಿಂದ ನಮ್ಮ ಚೀಟಿ ಚಿಕ್ಕದು. ಒಂದು: ಊರಿನ ಋಣವನ್ನೂ ಜಗತ್ತಿನ ಆಸೆಯನ್ನೂ ಒಂದೇ ರಜೆಯಲ್ಲಿ ತೀರಿಸಲು ಹೋಗಬೇಡಿ. ವರ್ಷ ಬಿಟ್ಟು ವರ್ಷ ಒಂದೊಂದನ್ನು ಮಾಡಿರಿ. ತಂದೆತಾಯಿಗಳು ಎಂಬತ್ತು ದಾಟಿದ್ದರೆ ಅವರ ವರ್ಷ ಮೊದಲು. ಮಾಚು ಪಿಚುವಿನ ಕಲ್ಲುಗಳು ಕಾಯುತ್ತವೆ, ಅವರು ಕಾಯಲಾರರು. ಎರಡು: ಊರಿಗೆ ಹೋದಾಗ ಕಡೆಯ ಪಕ್ಷ ಮೂರು ದಿನ ಯಾವ ಮದುವೆ, ಯಾವ ಬ್ಯಾಂಕು ಇಲ್ಲದಂತೆ ಅವರ ಜಗಲಿಯಲ್ಲಿ ಕುಳಿತಿರಿ. ಮೂರು: ಯೂರೋಪಿಗೆ ಹೋದರೆ ಹದಿನೈದು ದಿನಗಳಲ್ಲಿ ಇಪ್ಪತ್ತು ಊರುಗಳನ್ನು ಮುಟ್ಟಿಬರುವ ಬದಲು ಎರಡೇ ಊರುಗಳಲ್ಲಿ ನಿಲ್ಲಿರಿ. ನಾಲ್ಕು: ದಿನಗಳನ್ನು ಜನವರಿಯಲ್ಲಿಯೇ ಗುರುತು ಹಾಕಿ ಮೇಲಧಿಕಾರಿಗೆ ತಿಳಿಸಿ, ಉಳಿದ ವೇಳೆಯಲ್ಲಿ ಹೋಗೋಣ ಎಂದವರಿಗೆ ವೇಳೆ ಉಳಿದ ಉದಾಹರಣೆಯನ್ನು ನಾವು ಕಾಣೆವು.

ಹೀಗೆ ಹೊರಡಲು ಕಾರಣ ಬೇಕೇ ಎಂದು ಮನಸ್ಸು ಮತ್ತೆ ಕೇಳೀತು. ನಮ್ಮ ಹಿರಿಯರಿಗೆ ಪುಣ್ಯ ಬೇಕಿತ್ತು. ಜೆರಾರ್ಡ್ ಬೀದಿಗೆ ಬರುತ್ತಿದ್ದವರಿಗೆ ಅಕ್ಕಿಯ ನೆಪ ಬೇಕಿತ್ತು. ಆದರೆ ಆ ಕುಟುಂಬಗಳ ಮಕ್ಕಳನ್ನು ಇಂದು ಕೇಳಿದರೆ ಅವರಿಗೆ ಅಕ್ಕಿಯ ಮೂಟೆ ನೆನಪಿಲ್ಲ. ಅಪ್ಪ ಅಂದು ಗಡಿಯಾರ ನೋಡದೆ ಜೊತೆಗೆ ನಡೆದದ್ದು, ಅಮ್ಮ ಬಳೆಯಂಗಡಿಯ ಮುಂದೆ ನಕ್ಕದ್ದು ನೆನಪಿದೆ. ರಜೆಯನ್ನು ಮಾಲೀಕರು ಕೊಟ್ಟಾಗಿದೆ, ಕಾನೂನು ಕೊಟ್ಟಾಗಿದೆ. ಉಳಿದಿರುವ ಬಿಡುವನ್ನು ತಾವೇ ಮಾಡಿಕೊಳ್ಳಬೇಕು. ಈ ವರ್ಷ ಅದನ್ನು ಮಾಡಿಕೊಳ್ಳುವಿರೆಂದು ಹಾರೈಸುತ್ತೇವೆ.